ಇಲ್ಲದ ವೈರಸ್ಸಿಗೆ ಸಲ್ಲದ ಮದ್ದು

ಕೆಜಿಎಫ್‌ನ ಮಾರಿಕುಪ್ಪಂನಿಂದ ಬಂಗಾರಪೇಟೆ ಹಾದು ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಮೊಬೈಲ್ ನೋಡದೆ ಕೂತವರು ಅಪರೂಪ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದೇ ಈ ಓಡಾಟದಿಂದ. ಹೊತ್ತು ಕಳೆಯಲು ಯಾವುದೋ ಪುಕ್ಕಟೆ ಸಿನಿಮಾ ಲಿಂಕ್ ಒತ್ತಿದರೆ ಒಮ್ಮೊಮ್ಮೆ ಪರದೆಯೆಲ್ಲ ಕೆಂಪಾಗುತ್ತದೆ: ಫೋನಿನಲ್ಲಿ 13 ವೈರಸ್‌ಗಳಿವೆ, ಎರಡು ನಿಮಿಷದಲ್ಲಿ ಸಿಮ್ ಕೆಡುತ್ತದೆ! ಕೆಳಗೆ ಸೆಕೆಂಡುಗಳು ಇಳಿಯುತ್ತಿರುತ್ತವೆ. ಜೊತೆಗೆ ಆಂಟಿವೈರಸ್ ಹಾಕಿಕೊಳ್ಳಿ ಎನ್ನುವ ಹಸಿರು ಬಟನ್.

ಶುದ್ಧ ನಾಟಕ. ವೆಬ್ ಪುಟವೊಂದು ಫೋನಿನೊಳಗಿನ ಫೈಲುಗಳನ್ನೆಲ್ಲ ತಡಕಾಡಿ ವೈರಸ್ ಹುಡುಕಲು ಬ್ರೌಸರ್ ಬಿಡುವುದೇ ಇಲ್ಲ. ಓಡುತ್ತಿರುವ 'ಸ್ಕ್ಯಾನ್' ಮೊದಲೇ ಮಾಡಿಟ್ಟ ಚಿತ್ರ. ಫೋನಿನ ಮಾಡೆಲ್ಲನ್ನೂ ಊರಿನ ಹೆಸರನ್ನೂ ಸರಿಯಾಗಿ ಹೇಳಿತಲ್ಲ ಎಂದು ಬೆದರಬೇಕಿಲ್ಲ. ಯಾವ ಪುಟ ತೆರೆದರೂ ಅಷ್ಟನ್ನು ಅದು ಊಹಿಸಬಲ್ಲದು. ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲಿರುವುದು ಇನ್ನೊಂದು ಪೇಚು. ಕನ್ನಡ, ತಮಿಳು, ತೆಲುಗು ಆಡುವ ಮನೆಗಳಲ್ಲಿ ಅರ್ಧ ಅರ್ಥವಾದ ಮಾತು ಪೂರ್ತಿ ಹೆದರಿಸುತ್ತದೆ.

ದಂಧೆ ಹಳೆಯದು. 'ವಿನ್‌ಫಿಕ್ಸರ್', 'ಎಕ್ಸ್‌ಪಿ ಆಂಟಿವೈರಸ್' ಹೆಸರಿನ ನಕಲಿ ತಂತ್ರಾಂಶ ಮಾರಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಟೋಪಿ ಹಾಕಿದ ಜಾಲದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಮೊಕದ್ದಮೆ ಹೂಡಿತು. 2012ರಲ್ಲಿ ನ್ಯಾಯಾಲಯ ವಿಧಿಸಿದ ಮೊತ್ತ 16.3 ಕೋಟಿ ಡಾಲರ್.

ಪ್ಲೇ ಸ್ಟೋರ್‌ನಲ್ಲಿದ್ದ ಮಾತ್ರಕ್ಕೆ ಆಂಟಿವೈರಸ್ ಅಸಲಿ ಎನ್ನುವಂತಿಲ್ಲ. 2014ರಲ್ಲಿ 'ವೈರಸ್ ಶೀಲ್ಡ್' ಎಂಬ ಆ್ಯಪನ್ನು 3.99 ಡಾಲರ್ ಕೊಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕೊಂಡರು. ಬೆರಳಿಟ್ಟರೆ ಪರದೆಯ ಗುರಾಣಿ ಚಿತ್ರದ ಮೇಲಿದ್ದ ಗುಣಾಕಾರದ ಗುರುತು ಸರಿ ಗುರುತಾಗುತ್ತಿತ್ತು. ಅದು ಮಾಡುತ್ತಿದ್ದ ಕೆಲಸ ಇಷ್ಟೇ! ಗೂಗಲ್ ದುಡ್ಡು ವಾಪಸ್ ಕೊಡಬೇಕಾಯಿತು. 2019ರಲ್ಲಿ ಎವಿ-ಕಂಪ್ಯಾರಿಟಿವ್ಸ್ ಸಂಸ್ಥೆ 250 ಆಂಡ್ರಾಯ್ಡ್ ಆಂಟಿವೈರಸ್‌ಗಳನ್ನು ಪರೀಕ್ಷಿಸಿದಾಗ, ಕೊಟ್ಟ ಕುತಂತ್ರಾಂಶಗಳಲ್ಲಿ ಶೇ 30ಕ್ಕಿಂತ ಹೆಚ್ಚನ್ನು ಹಿಡಿದವು 80 ಮಾತ್ರ. ಕೆಲವಂತೂ ತಮ್ಮನ್ನೇ ವೈರಸ್ ಎಂದು ತೋರಿಸಿದವು.

ಕೆಂಪು ಪರದೆ ಬಂದರೆ ಅದರೊಳಗಿನ 'ಕ್ಲೋಸ್' ಕೂಡ ಒತ್ತಬಾರದು, ಅದೂ ಬಲೆಯೇ. ಬ್ರೌಸರನ್ನೇ ಮುಚ್ಚಬೇಕು, ವಿಂಡೋಸ್ ಕಂಪ್ಯೂಟರಿನಲ್ಲಾದರೆ ಆಲ್ಟ್ ಜೊತೆ ಎಫ್4. ಎಚ್ಚರಿಕೆ ದಿನವೂ ಬರುತ್ತಿದ್ದರೆ ಎಂದೋ ಯಾವುದೋ ತಾಣಕ್ಕೆ ನೋಟಿಫಿಕೇಶನ್ 'ಅಲೋ' ಕೊಟ್ಟಿರುವ ಸಾಧ್ಯತೆ ಹೆಚ್ಚು. ಆ ಅನುಮತಿಯನ್ನು ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ತೆಗೆದರೆ ಸದ್ದಡಗುತ್ತದೆ. ಪರದೆಯಲ್ಲಿ ಫೋನ್ ನಂಬರ್ ಇದ್ದರಂತೂ ಅನುಮಾನವೇ ಬೇಡ: ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ನಂಬರ್ ಕೊಡುವುದಿಲ್ಲ. ನಿಜಕ್ಕೂ ತಪಾಸಣೆ ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಸಾಧನಗಳನ್ನು ಕೊಡುತ್ತಿದೆ.

ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚಕ ಡ್ರಾ ಮಾಡುವ ಮೊದಲು ತಿಳಿದರೆ ಬ್ಯಾಂಕುಗಳು ಆ ಮೊತ್ತವನ್ನು ತಡೆಹಿಡಿಯಬಲ್ಲವು. ಕೋಲಾರ ಜಿಲ್ಲೆಗೆ ಸೇರಿದ್ದರೂ ಬಂಗಾರಪೇಟೆಯವರ ದೂರು ಕೋಲಾರಕ್ಕಲ್ಲ, ಕೆಜಿಎಫ್ ಪೊಲೀಸ್ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗೆ ಹೋಗುತ್ತದೆ.