ಮೈಕ್ ಸತ್ತಿಲ್ಲ, ಕೇಬಲ್ ನೋಡಿ

ಬೆಂಗಳೂರಿನ ಜೆ.ಪಿ. ನಗರ ಆರನೇ ಹಂತದಲ್ಲಿ ಒಂದು ಮನೆಯ ಮೂರನೇ ಮಹಡಿ. ಬೀರುವಿನ ಪಕ್ಕದ ಮೂಲೆಗೆ ಹಾಸಿಗೆ, ರಗ್ಗು ನೇತುಹಾಕಿ ಮಾಡಿಕೊಂಡ ಪುಟ್ಟ ಧ್ವನಿಮುದ್ರಣದ ಜಾಗ. ಅಲ್ಲಿ ಕೂತು ಕನ್ನಡ ಆಡಿಯೊ ಪುಸ್ತಕಗಳಿಗೆ ದನಿ ಕೊಡುವ ರಂಗಭೂಮಿ ಕಲಾವಿದೆಯೊಬ್ಬರು ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದರು. ‘ಸರ್, ಮೈಕ್ ಸತ್ತೋಯ್ತು. ಹೊಸದು ಯಾವ್ದು ತಗೊಳ್ಲಿ?’ ಕೊಂಡು ಎಂಟೇ ತಿಂಗಳಾಗಿದ್ದ ಕಂಡೆನ್ಸರ್ ಮೈಕ್ ಅದು. ಹೋಗಿ ನೋಡಿದರೆ, ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೊ ಇಂಟರ್‌ಫೇಸಿನ ದೀಪ ಉರಿಯುತ್ತಿತ್ತು, ಕಂಪ್ಯೂಟರ್ ಅದನ್ನು ಗುರುತಿಸಿಯೂ ಇತ್ತು. ಪರದೆಯ ಮೇಲಿನ ಮೀಟರ್ ಮಾತ್ರ ಅಲುಗದೆ ಮಲಗಿತ್ತು.

ಇಂಥ ಕರೆಗಳು ನನಗೆ ಬರುತ್ತಲೇ ಇರುತ್ತವೆ. ಮೈಕ್ ನಿಜವಾಗಿ ಕೆಟ್ಟಿರುವುದು ತೀರಾ ಅಪರೂಪ. ಹಿಂದೆ ಈ ತಲೆನೋವು ಕಲಾವಿದರದಾಗಿರಲಿಲ್ಲ. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದರಾಸಿಗೆ ಓಡಬೇಕಿದ್ದ ಕಾಲದಲ್ಲಿ ನಟ, ನಿರ್ದೇಶಕ ಶಂಕರ್‌ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೊ ಕಟ್ಟಿದರು. ಅಂಥ ಸ್ಟುಡಿಯೊಗಳಲ್ಲಿ ಕಲಾವಿದರು ಬಂದು ಹಾಡಿದರೆ ಸಾಕಿತ್ತು, ತಂತಿ ನೋಡಿಕೊಳ್ಳಲು ಎಂಜಿನಿಯರ್ ಇರುತ್ತಿದ್ದರು. ಮನೆಯ ಮೂಲೆಯ ಸ್ಟುಡಿಯೊದಲ್ಲಿ ಓದುವವರೇ ಎಂಜಿನಿಯರ್ ಕೂಡ. ಹಾಗಾಗಿ ಮೈಕ್ ಬಗ್ಗೆ ಹಬ್ಬಿರುವ ಈ ಕೆಳಗಿನ ತಪ್ಪು ನಂಬಿಕೆಗಳೆಲ್ಲ ನೇರ ಅವರ ಕಿಸೆಗೇ ಕತ್ತರಿ ಹಾಕುತ್ತವೆ.

‘ದೀಪ ಉರೀತಿದೆ, ಅಂದ್ಮೇಲೆ ಮೈಕ್‌ಗೆ ಕರೆಂಟ್ ಹೋಗ್ತಿದೆ’

ಇಲ್ಲ. ಉರಿಯುವ ದೀಪ ಇಂಟರ್‌ಫೇಸಿನದು. ಕಂಡೆನ್ಸರ್ ಮೈಕ್‌ಗೆ ಬೇರೆಯೇ ವಿದ್ಯುತ್ ಬೇಕು, ಅದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ಇಂಟರ್‌ಫೇಸಿನ ಮೇಲೆ ‘48 ವಿ’ ಎಂದು ಬರೆದ ಗುಂಡಿ ಅದರದ್ದು. ಅದನ್ನು ಒತ್ತುವವರೆಗೂ ಎಷ್ಟೇ ದುಬಾರಿ ಕಂಡೆನ್ಸರ್ ಆದರೂ ಮೂಕ. ಒತ್ತಿದ ಮೇಲೂ ಕೆಲವು ಸೆಕೆಂಡು ಕಾಯಬೇಕು. ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ಲನ್ನು ಅಡಾಪ್ಟರ್ ಹಾಕಿ ನೇರ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಸಿಕ್ಕಿಸುವವರಿದ್ದಾರೆ. ಅಲ್ಲಿ ಸಿಗುವುದು ಎರಡು ಮೂರು ವೋಲ್ಟ್, ಸ್ಟುಡಿಯೊ ಕಂಡೆನ್ಸರ್‌ಗೆ ಅದು ಯಾವ ಮೂಲೆಗೂ ಸಾಲದು.

‘48 ವೋಲ್ಟ್ ಹಾಕಿದ್ರೆ ಮೈಕ್ ಸುಟ್ಟೋಗುತ್ತೆ’

ಈ ಭಯದಿಂದ ಗುಂಡಿಯನ್ನು ಮುಟ್ಟದೇ ಇರುವವರು ನನಗೆ ತುಂಬ ಸಿಕ್ಕಿದ್ದಾರೆ. ಗೋಡೆಯ ಪ್ಲಗ್ಗಿನ 230 ವೋಲ್ಟ್ ನೆನಪಾಗುತ್ತದೋ ಏನೋ. 48 ಎಂಬ ಅಂಕಿ ಎಲ್ಲಿಂದ ಬಂತು ಗೊತ್ತೇ? 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೊ ಸಂಸ್ಥೆಗೆ ಟ್ರಾನ್ಸಿಸ್ಟರ್ ಮೈಕ್ ಮಾಡಿಕೊಟ್ಟಿತು. ಅವರ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು, ಮುಂದೆ ಅದೇ ಜಗತ್ತಿನ ಮಾನದಂಡವಾಯಿತು.

ಕೇಬಲ್ಲಿನ ತುದಿಯಲ್ಲಿ ಮೂರು ಪಿನ್ನುಗಳಿವೆ. ದನಿ ಹರಿಯುವುದು ಎರಡು ಮತ್ತು ಮೂರನೆಯದರಲ್ಲಿ. ಫ್ಯಾಂಟಮ್ ಪವರ್ ಆ ಎರಡಕ್ಕೂ ಒಂದೇ ಸಮನಾಗಿ, ತಲಾ 6.8 ಕಿಲೊ ಓಮ್‌ನ ರೆಸಿಸ್ಟರ್ ದಾಟಿ ಬರುತ್ತದೆ. ವೇದಿಕೆಯ ಮೇಲೆ ಕೈಯಲ್ಲಿ ಹಿಡಿದು ಹಾಡುವ ಡೈನಮಿಕ್ ಮೈಕಿನ ಸುರುಳಿಯ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಿದ್ದರೆ ನಡುವೆ ಕರೆಂಟ್ ಹರಿಯುವುದೇ ಇಲ್ಲ. ಹಾಗಾಗಿ ಕೇಬಲ್ ಸರಿಯಿದ್ದರೆ ಡೈನಮಿಕ್‌ಗೆ ಏನೂ ಆಗದು. ಎಚ್ಚರ ಬೇಕಿರುವುದು ಹಳೆಯ ಮಾದರಿಯ ರಿಬ್ಬನ್ ಮೈಕ್‌ಗಳಿಗೆ. ಕೇಬಲ್ಲಿನಲ್ಲಿ ತಂತಿ ತಂತಿ ತಗುಲಿದ್ದರೆ ಅವುಗಳ ತೆಳು ಪಟ್ಟಿ ಹರಿದುಹೋಗಬಹುದು. ಇನ್ನೊಂದು ಮಾತು: 48 ವೋಲ್ಟ್ ಚಾಲೂ ಇರುವಾಗ ಕೇಬಲ್ ಕೀಳಬೇಡಿ. ‘ಢಬ್’ ಎಂಬ ಸದ್ದು ಸ್ಪೀಕರಿಗೂ ಕಿವಿಗೂ ಕೆಟ್ಟದ್ದು.

‘ಕೇಬಲ್ ಚೆನ್ನಾಗಿದೆ, ಬೇರೆ ಮೈಕ್ ಹಾಕಿ ನೋಡಿದ್ವಿ’

ನಾನು ಹೇಳಹೊರಟ ಮುಖ್ಯ ಸಂಗತಿ ಇದೇ. ಆ ಕಲಾವಿದೆಯ ಮನೆಯಲ್ಲಿ 48 ವೋಲ್ಟ್ ಗುಂಡಿ ಒತ್ತಿಯೇ ಇತ್ತು. ಅವರು ಬುದ್ಧಿವಂತಿಕೆಯ ಕೆಲಸವನ್ನೂ ಮಾಡಿದ್ದರು. ನಾಟಕ ತಂಡದ ಗೆಳೆಯರಿಂದ ಡೈನಮಿಕ್ ಮೈಕ್ ತಂದು ಅದೇ ಕೇಬಲ್ಲಿಗೆ ಹಾಕಿ ಮಾತಾಡಿದ್ದರು. ದನಿ ಬಂತು, ಜೊತೆಗೆ ಸಣ್ಣಗೆ ಗುಂಯ್ ಅಂತಿತ್ತಂತೆ. ಹಾಗಾಗಿ ತಪ್ಪು ಕಂಡೆನ್ಸರಿನದೇ ಎಂದು ತೀರ್ಮಾನಿಸಿದ್ದರು. ಯಾರಾದರೂ ಹಾಗೇ ತಿಳಿಯುತ್ತಾರೆ.

ನನಗೆ ಸುಳಿವು ಕೊಟ್ಟದ್ದು ಆ ಗುಂಯ್. ಕನೆಕ್ಟರಿನ ಹಿಂಬದಿ ತಿರುಗಿಸಿ ಹೊರಗೆಳೆದೆ. ಕೆಂಪು, ಬಿಳಿ ತಂತಿಗಳು ಗಟ್ಟಿಯಾಗಿದ್ದವು. ಒಂದನೇ ಪಿನ್ನಿಗೆ ಅಂಟಿರಬೇಕಾದ ಹೆಣೆದ ತಂತಿ ಮಾತ್ರ ಬೆಸುಗೆ ಬಿಟ್ಟು, ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ದಿನಾ ಮೈಕ್ ಬಿಚ್ಚಿ ಕೇಬಲ್ಲನ್ನು ಕೈಗೆ ಬಿಗಿಯಾಗಿ ಸುತ್ತಿಡುತ್ತಿದ್ದರಂತೆ, ಎಳೆತ ಬಿದ್ದದ್ದು ಅಲ್ಲಿಗೆ.

ಡೈನಮಿಕ್ ಮೈಕ್‌ಗೆ ಎರಡು ಮತ್ತು ಮೂರನೇ ತಂತಿ ಇದ್ದರೆ ದನಿ ಬಂದೇ ಬರುತ್ತದೆ, ಒಂದನೇ ಪಿನ್ನಿನ ಆ ನೆಲದ ತಂತಿ (ಗ್ರೌಂಡ್) ಇಲ್ಲದಿದ್ದರೆ ಗುಂಯ್ ಎನ್ನುವ ಹಮ್ ಸೇರಿಕೊಳ್ಳುತ್ತದೆ ಅಷ್ಟೆ. ಕಂಡೆನ್ಸರಿನ ಕತೆ ಬೇರೆ. ಎರಡು ಮತ್ತು ಮೂರರ ಮೂಲಕ ಹೋದ ವಿದ್ಯುತ್ ಮರಳಿ ಬರುವ ದಾರಿ ಒಂದನೇ ಪಿನ್ ಮಾತ್ರ. ಆ ದಾರಿ ಕಡಿದರೆ ಮೈಕ್‌ಗೆ ಹೊಟ್ಟೆಗೇ ಇಲ್ಲ. ಹಾಗಾಗಿ ಡೈನಮಿಕ್ ಹಾಕಿ ಕೇಬಲ್ ಪರೀಕ್ಷಿಸಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು: ಎರಡೂ ತುದಿಯ ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು ಬೀಪ್ ಅನ್ನಬೇಕು, ಅಡ್ಡಡ್ಡ ಮುಟ್ಟಿಸಿದರೆ ಅನ್ನಬಾರದು. ಕೇಬಲ್ಲನ್ನು ಇಂಟರ್‌ಫೇಸಿಗೆ ಹಾಕಿ, 48 ವೋಲ್ಟ್ ಚಾಲೂ ಮಾಡಿ, ಮೈಕ್ ಕಡೆಯ ತುದಿಯಲ್ಲಿ ಒಂದು ಮತ್ತು ಎರಡರ ನಡುವೆ ಅಳೆದರೆ 44ರಿಂದ 52 ವೋಲ್ಟ್ ತೋರಿಸಬೇಕು. ಒಂದು ಮತ್ತು ಮೂರರ ನಡುವೆಯೂ ಅಷ್ಟೇ.

‘ಊದಿ ನೋಡಿದ್ರೆ ಗೊತ್ತಾಗುತ್ತೆ’

ದಯವಿಟ್ಟು ಬೇಡ. ಕಂಡೆನ್ಸರಿನೊಳಗಿನ ಪೊರೆ ಕೆಲವೇ ಮೈಕ್ರಾನ್ ದಪ್ಪ. ಉಸಿರಿನ ತೇವವೂ ರಭಸವೂ ಅದಕ್ಕೆ ಶತ್ರು. ಮಾತಾಡಿ ನೋಡಿ, ಅದೂ ಸರಿಯಾದ ಕಡೆಯಿಂದ. ದೊಡ್ಡ ಪೊರೆಯ ಬಹುಪಾಲು ಮೈಕ್‌ಗಳು ಕೇಳಿಸಿಕೊಳ್ಳುವುದು ನೆತ್ತಿಯಿಂದಲ್ಲ, ಕಂಪನಿಯ ಗುರುತಿರುವ ಪಕ್ಕದಿಂದ. ಹಿಂದಿನಿಂದ ಮಾತಾಡಿದರೆ ದನಿ ಬಾವಿಯಾಳದಿಂದ ಬಂದಂತಿರುತ್ತದೆ.

ಮಾತಾಡುವಾಗ ಮೀಟರ್ ಕುಣಿಯುತ್ತಿದ್ದು ಹೆಡ್‌ಫೋನಿನಲ್ಲಿ ಮಾತ್ರ ಸದ್ದಿಲ್ಲದಿದ್ದರೆ ಮೈಕನ್ನು ಬೈಯಬೇಡಿ, ಅದು ತನ್ನ ಕೆಲಸ ಮಾಡಿದೆ. ಮಾನಿಟರ್ ಗುಂಡಿ ನೋಡಿ. ಇಂಟರ್‌ಫೇಸಿನ ಮೀಟರ್ ಕುಣಿದು ಕಂಪ್ಯೂಟರಿನದು ಸುಮ್ಮನಿದ್ದರೆ ಸಾಫ್ಟ್‌ವೇರ್ ಕಡೆ ತಿರುಗಿ. ಮೈಕ್ ಎರಡನೇ ಚಾನೆಲ್ಲಿನಲ್ಲಿದ್ದು ಟ್ರ್ಯಾಕ್ ಒಂದನ್ನು ಕಾಯುತ್ತಿರಬಹುದು. 2018ರ ಮೊಹಾವೆಯಿಂದೀಚಿನ ಮ್ಯಾಕ್‌ಗಳಲ್ಲಿ ಮೈಕ್ ಬಳಸಲು ಅನುಮತಿ ಸಿಗದ ಆ್ಯಪ್ ಬರೀ ಮೌನವನ್ನೇ ರೆಕಾರ್ಡ್ ಮಾಡಬಹುದು. ವಿಂಡೋಸ್‌ನಲ್ಲೂ ಇಂಥ ಸೆಟ್ಟಿಂಗ್ ಇದೆ.

ಮೈಕೇ ಕೆಡುವುದಿಲ್ಲ ಅಂತಲ್ಲ. ಮಳೆಗಾಲದ ತೇವಕ್ಕೆ ಕಂಡೆನ್ಸರ್ ಚಟಪಟ ಅನ್ನುತ್ತದೆ, ದನಿ ಕುಗ್ಗುತ್ತದೆ, ಒಣಗಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಅದೇ ಕೇಬಲ್, ಅದೇ ಚಾನೆಲ್ಲಿನಲ್ಲಿ ಇನ್ನೊಂದು ಕಂಡೆನ್ಸರ್ ಮಾತಾಡಿ, ನಿಮ್ಮದು ಮಾತ್ರ ಸುಮ್ಮನಿದ್ದರೆ ಆಗ ರಿಪೇರಿಗೆ ಒಯ್ಯಿರಿ.

ಆ ಕೇಬಲ್ಲಿಗೆ ಬೆಸುಗೆ ಹಾಕಲು ಹಿಡಿದದ್ದು ಹತ್ತು ನಿಮಿಷ. ಆಕೆ ಅರ್ಧಕ್ಕೆ ನಿಂತಿದ್ದ ಅಧ್ಯಾಯವನ್ನು ಅಂದು ಸಂಜೆಯೇ ಓದಿ ಮುಗಿಸಿದರು. ಮನೆಯಲ್ಲಿ ಸ್ಟುಡಿಯೊ ಮಾಡಿಕೊಂಡ ಎಲ್ಲರಲ್ಲೂ ನನ್ನದೊಂದು ಕೋರಿಕೆ: ಹೊಸ ಮೈಕ್‌ಗೆ ದುಡ್ಡು ಎತ್ತಿಡುವ ಮೊದಲು ಒಳ್ಳೆಯ ಎರಡನೇ ಕೇಬಲ್ ಒಂದನ್ನು ತಂದಿಟ್ಟುಕೊಳ್ಳಿ.