ತನ್ನ ಕತೆಯೊಳಗೆ ತಾನೇ ಕುಳಿತ ಕವಿ

ಮಳೆಗಾಲದ ಒಂದು ದಿನ. ಅರಮನೆಯಿಂದ ಮನೆಗೆ ಬಂದ ಕವಿಯನ್ನು ಮಡದಿ ಎದುರುಗೊಂಡು ಉಪಚರಿಸುತ್ತಾಳೆ. ಹೊತ್ತು ಕಳೆಯಲು ಒಂದು ಕತೆ ಬೇಕೆಂದು ಕೇಳುತ್ತಾಳೆ. ಹೇಳಬೇಕಾದುದು ಪದ್ಯದಲ್ಲೋ ಗದ್ಯದಲ್ಲೋ? ಪದ್ಯದ ಗೊಡವೆಯೇ ಬೇಡವೆನ್ನುತ್ತಾಳೆ ಆಕೆ. ಕವಿ ಉದ್ದುದ್ದ ಸಂಸ್ಕೃತ ಸಮಾಸಗಳಿಂದ ಆರಂಭಿಸಿದರೆ ನಡುವೆಯೇ ತಡೆದು, ತಿಳಿಗನ್ನಡದಲ್ಲಿ ಹೇಳಲಾಗದೇ ಎಂದು ಛೇಡಿಸುತ್ತಾಳೆ. ಕತೆಗೆ ಪ್ರತಿಫಲವೇನೆಂಬ ಚೌಕಾಸಿಯೂ ನಡೆಯುತ್ತದೆ. ರಾಮನ ಅಶ್ವಮೇಧದ ಕುದುರೆ ಹೊರಡುವುದು ಇದೆಲ್ಲ ತೀರಿದ ಮೇಲೆ!

ಈ ಗಂಡಹೆಂಡಿರು ಮುದ್ದಣ, ಮನೋರಮೆ, ಗ್ರಂಥ ‘ಶ್ರೀರಾಮಾಶ್ವಮೇಧಂ’. ಗ್ರಂಥಕರ್ತನೂ ಮುದ್ದಣನೇ. ಕಾರ್ಕಳದ ಕಡೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನಿಗೆ ಮನೆಯವರಿಟ್ಟ ಮುದ್ದಿನ ಹೆಸರದು. ಕವಿಯು ಕಾವ್ಯದೊಳಗೆ ಕಾಲಿಡುವುದು ನಮ್ಮಲ್ಲಿ ಹೊಸತಲ್ಲ. ವಾಲ್ಮೀಕಿ ತನ್ನ ಆಶ್ರಮದಲ್ಲಿ ಸೀತೆಗೆ ಆಶ್ರಯವಿತ್ತ, ವ್ಯಾಸನಾದರೋ ಕುರುವಂಶಕ್ಕೆ ಅಜ್ಜನೇ ಆದ. ಆದಿಕವಿ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದ. ಮುದ್ದಣ ಒಡೆಯನನ್ನು ಹೊರಗೆ ಬಿಟ್ಟು ಮಡದಿಯನ್ನು ಒಳಗೆ ಕರೆತಂದ. ಹಳಗನ್ನಡದ ಬಿಗಿಯಲ್ಲಿ ಮನೆಮಾತಿನ ಬಿಸುಪು ಮೂಡಿದ್ದು ಅದರಿಂದಲೇ.

ಅರಮನೆಯ ಮಾತು ಕಲ್ಪನೆ. ನಿಜವಾದ ಲಕ್ಷ್ಮೀನಾರಣಪ್ಪ ಉಡುಪಿಯ ಶಾಲೆಯಲ್ಲಿ ಹುಡುಗರಿಗೆ ಕವಾಯತು ಕಲಿಸುತ್ತಿದ್ದ ಬಡ ಉಪಾಧ್ಯಾಯ. ಮಡದಿ ಕಮಲಾಬಾಯಿ ಘಟ್ಟದ ಮೇಲಿನ ಶಿವಮೊಗ್ಗೆಯ ಕಡೆಯವರು. ಅವರೇ ಮನೋರಮೆಯೆಂದು ಓದುಗರು ನಂಬಿಕೊಂಡು ಬಂದಿದ್ದಾರೆ. ನಂಬಬೇಡಿರೆಂದು ಹೇಳುವ ಕಟುಕರು ಯಾರು? ಬರಿಗೈಯಲ್ಲಿ ದುಡಿದ ಈ ಉಪಾಧ್ಯಾಯ ಕಾಗದದ ಮೇಲಾದರೂ ಆಸ್ಥಾನಕವಿಯಾಗಿ ಮನೆಗೆ ಮರಳಿದ.

ಸೋಜಿಗವೆಂದರೆ, ಕೃತಿಯೊಳಗೆ ಇಷ್ಟು ಸಲುಗೆಯಿಂದ ಓಡಾಡುವ ಈತ ಕೃತಿಯ ಹೊರಗೆ ಅಡಗಿಕೊಂಡ. ತನ್ನ ‘ಅದ್ಭುತ ರಾಮಾಯಣ’ವನ್ನು ಹಿಂದಿನವರಾರೋ ಬರೆದ ಹಳೆಯ ಗ್ರಂಥವೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸಿದ. ಹೊಸಬನ ಬರಹಕ್ಕೆ ಬೆಲೆಯಿಲ್ಲದ ಕಾಲವದು. ಅವನು ಕ್ಷಯದಿಂದ 1901ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೊಂದು. ಮುದ್ದಣನೆಂದರೆ ಯಾರೆಂಬುದು ನಾಡಿಗೆ ಸ್ಪಷ್ಟವಾದದ್ದು ಅನಂತರ.

ಕಡಲಾಚೆಯ ಚಿತ್ರಕಥೆಗಾರರೂ ಇದೇ ಆಟ ಆಡಿದ್ದಾರೆ. ಅಮೆರಿಕೆಯ ‘ಫೆಂಟಾಸ್ಟಿಕ್ ಫೋರ್’ ಮಾಲೆಯ 1963ರ ಜನವರಿ ಸಂಚಿಕೆಯಲ್ಲಿ ಖಳನಾಯಕ ಡಾಕ್ಟರ್ ಡೂಮ್, ಕತೆ ಬರೆಯುವ ಸ್ಟ್ಯಾನ್ ಲೀ ಮತ್ತು ಚಿತ್ರ ಬರೆಯುವ ಜ್ಯಾಕ್ ಕರ್ಬಿಯರ ಕಚೇರಿಗೇ ನುಗ್ಗಿ, ಅವರನ್ನು ಬೆದರಿಸಿ ನಾಯಕನಿಗೆ ಟೆಲಿಫೋನು ಮಾಡಿಸುತ್ತಾನೆ. 1965ರಲ್ಲಿ ಅದೇ ನಾಯಕನ ಮದುವೆ. ತಾವೇ ಹುಟ್ಟಿಸಿದವರ ಮದುವೆಯ ಬಾಗಿಲಿಂದ ಈ ಇಬ್ಬರನ್ನೂ ಹೊರಗಟ್ಟಲಾಗುತ್ತದೆ! 1990ರ ‘ಅನಿಮಲ್ ಮ್ಯಾನ್’ನಲ್ಲಿ ವಿನೋದ ಹೋಗಿ ವಿಷಾದ ಬಂದಿತು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ನಾಯಕ ತನ್ನ ಲೇಖಕ ಗ್ರಾಂಟ್ ಮಾರಿಸನ್ನನೆದುರು ನಿಲ್ಲುತ್ತಾನೆ. ಕತೆಗೆ ರೋಚಕತೆ ಬೇಕೆಂದೇ ಅವರನ್ನು ಕೊಲ್ಲಿಸಿದವನು ಆ ಲೇಖಕ. ಕಡೆಗೆ ಅವರನ್ನು ಮರಳಿ ಕೊಡುವವನೂ ಅವನೇ.

ನಂದಳಿಕೆಗೆ ನೆರೆಯ ಕಾರ್ಕಳದಲ್ಲೇ 1929ರಲ್ಲಿ ಅನಂತ ಪೈ ಹುಟ್ಟಿದರು. 1967ರಿಂದ ‘ಅಮರ ಚಿತ್ರ ಕಥೆ’ಯಲ್ಲಿ ವಾಲ್ಮೀಕಿಯಂಥ ಕವಿಗಳನ್ನೂ ಮಕ್ಕಳ ಚಿತ್ರಕಥೆಗೆ ಪಾತ್ರ ಮಾಡಿದವರು ಅವರು. 2011ರಲ್ಲಿ ಪೈಯವರು ತೀರಿಕೊಂಡ ಬಳಿಕ ಅವರ ಬಾಳೂ ಅದೇ ಮಾಲೆಯಲ್ಲಿ ಚಿತ್ರಕಥೆಯಾಯಿತು.

ಆದರೆ ಲೀ, ಕರ್ಬಿ, ಮಾರಿಸನ್ನರು ಹಣೆಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡೇ ಒಳಗೆ ಹೊಕ್ಕವರು. ಮುದ್ದಣನಿಗೆ ಆ ಭಾಗ್ಯವಿರಲಿಲ್ಲ. ಇನ್ನೊಂದು ಭೇದವೂ ಉಂಟು: ಅಲ್ಲಿ ಕರ್ತೃವನ್ನು ತಡೆದು ಕೇಳುವವರು ಅವನ ಪಾತ್ರಗಳು, ಇಲ್ಲಿ ಕೇಳುವವಳು ಹೆಂಡತಿ. ಕತೆ ಬಿಗಿಯಾದರೆ ಸಡಿಲಿಸುತ್ತಾಳೆ, ಕವಿ ಬೀಗಿದರೆ ನಗುತ್ತಾಳೆ. ಒಮ್ಮೊಮ್ಮೆ ರಾಮನ ಕತೆಯೇ ಹಿಂದೆ ಸರಿದು ಇವರಿಬ್ಬರ ಸರಸವೇ ಮುಂದಾಗುತ್ತದೆ. ಅಶ್ವಮೇಧದ ಕುದುರೆ ಎಲ್ಲೆಲ್ಲಿ ಅಲೆಯಿತೆಂದು ಕೇಳಿದರೆ ಬಹುಮಂದಿ ತಲೆ ಕೆರೆದುಕೊಂಡಾರು. ಅನ್ಯೋನ್ಯವಾಗಿರುವ ದಂಪತಿಗಳನ್ನು ಮುದ್ದಣ ಮನೋರಮೆಯರೆನ್ನಲು ಮಾತ್ರ ಯಾರೂ ಗ್ರಂಥವನ್ನು ತೆರೆದು ನೋಡಬೇಕಾಗಿಲ್ಲ.