ನಿನ್ನ ರ‍್ಯಾಂಕು ಎಷ್ಟು?

ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗನಿಗೆ ಎದುರಾಗುವ ಈ ಪ್ರಶ್ನೆ ಅನೇಕ ವೇಳೆ ಜಾತಿಯನ್ನು ತಿಳಿಯುವ ಉಪಾಯವಷ್ಟೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ಕುರಿತು ಸುಖದೇವ್ ಥೋರಟ್ ಸಮಿತಿಯು 2007ರಲ್ಲಿ ಕೊಟ್ಟ ವರದಿಯನ್ನು ಓದಿದರೆ ಮನಸ್ಸು ಭಾರವಾಗದಿರದು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳು ಕಿರುಕುಳ ತಾಳಲಾರದೆ ಕೊಠಡಿ ಬದಲಿಸಿ, ವಿದ್ಯಾರ್ಥಿನಿಲಯದ ಕೆಲವೇ ಅಂತಸ್ತುಗಳಲ್ಲಿ ಒಟ್ಟುಗೂಡಿದ್ದರು. ಭೋಜನಶಾಲೆಯಲ್ಲಿಯೂ ಆಟದ ಬಯಲಿನಲ್ಲಿಯೂ ಅವರು ಬೇರೆಯೇ!

ದಿನವೂ ತೂಗಿ ನೋಡುವವರ ನಡುವೆ ಇರುವವನಿಗೆ ನಿದ್ರೆ ಬರುವುದೆಂತು? ಮೌಖಿಕ ಪರೀಕ್ಷೆಯಲ್ಲಿ ತಿಳಿದ ಉತ್ತರವೂ ಗಂಟಲಿನಲ್ಲಿಯೇ ನಿಲ್ಲುತ್ತದೆ. ‘ಇವನಿಗೆ ಯೋಗ್ಯತೆ ಸಾಲದು’ ಎಂದು ಇತರರು ಆಡುವ ಮಾತನ್ನು ಕೊನೆಗೆ ಅವನೂ ನಂಬತೊಡಗುತ್ತಾನೆ.

ಭೇದಭಾವದ ದೂರುಗಳನ್ನು ವಿಚಾರಿಸಲು ಅಧಿಕಾರಿಯೊಬ್ಬರಿರಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2012ರಲ್ಲಿ ನಿಯಮ ಮಾಡಿತು. ಆದರೆ ಅಂಕ ಕೊಡುವ ಅಧ್ಯಾಪಕರ ಮೇಲೆಯೇ ದೂರು ಬರೆಯುವ ಧೈರ್ಯ ಎಷ್ಟು ಜನಕ್ಕೆ? ಫೋನಿನಲ್ಲಿ ತಾಯಿ ವಿಚಾರಿಸಿದಾಗ ‘ಚೆನ್ನಾಗಿದ್ದೇನಮ್ಮ’ ಎಂದುಬಿಡುತ್ತಾನೆ.